ತಮ್ಮನ ಪಾಲಿನ ಬಿಯರ್

ನಿಶಿ ಕಸಾಯಿ, ಟೋಕಿಯೊ
೨೪ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮಧುಕರ,

ನಿನ್ನ ರತ್ನಕ್ಕನ ಆಶೀರ್ವಾದಗಳು. ಸೆಕೆಯೊಂದನ್ನು ಬಿಟ್ಟರೆ ನಾವೆಲ್ಲ ಇಲ್ಲಿ ಕ್ಷೇಮ. ಬರೆಯುವುದು ತಡವಾಯಿತು, ಬೈದುಕೊಳ್ಳಬೇಡ. ಬೈದರೂ ಸರಿಯೇ, ಆ ಬೈಗುಳವನ್ನೇ ಒಂದು ಕಾರ್ಡಿನಲ್ಲಿ ಬರೆದು ಹಾಕು. ಯುಗಾದಿಗೆ ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಆದರೆ ಪತ್ರ ವಾಪಸ್ಸೂ ಬರಲಿಲ್ಲ. ಮಿಲ್ವಾಕಿಯ ಆ ಹಳೇ ಮನೆಯಲ್ಲಿ ಯಾರೋ ಅದನ್ನು ತೆಗೆದಿಟ್ಟಿದ್ದಾರೆ, ನೀನು ಲಾರಿ ನಿಲ್ಲಿಸಿ ಬಂದಾಗ ಕೊಡುತ್ತಾರೆ ಎಂದುಕೊಂಡಿದ್ದೇನೆ. ನಿನ್ನ ಫೋನ್ ನಂಬರಿಗೆ ಮಾಡಿದರೆ ಈಗ ಯಾರೋ ಸ್ಪ್ಯಾನಿಷ್ ಹೆಂಗಸು ಎತ್ತುತ್ತಾಳೆ. ಒಳ್ಳೆಯವಳು ಪಾಪ. ನನ್ನ ದನಿ ಕೇಳಿದ ಕೂಡಲೇ "ನೋ ಮಧು, ಸಾರಿ" ಎನ್ನುತ್ತಾಳೆ. ದಿನವೂ ಅವಳನ್ನು ಕಾಡುವುದು ಸರಿಯಲ್ಲವೆಂದು ಪತ್ರಕ್ಕೇ ಕೂತೆ.

ಇಲ್ಲಿಯ ಸುದ್ದಿ ಹೇಳುವಂಥದ್ದೇನಿಲ್ಲ. ನಿಮ್ಮ ಭಾವ ಬೆಳಿಗ್ಗೆ ತೋಜಾಯ್ ಲೈನಿನ ರೈಲಿನಲ್ಲಿ ಉಪ್ಪಿನಕಾಯಿ ಜಾಡಿಯ ಹೋಳಿನ ಹಾಗೆ ಒತ್ತಿಕೊಂಡು ಆಫೀಸಿಗೆ ಹೋಗುತ್ತಾರೆ, ಬಂದು ಉಂಡು ಮಲಗುತ್ತಾರೆ. ನಿನ್ನ ಸೋದರಸೊಸೆ ಹರ್ಷಿಣಿಗೆ ಹದಿನಾಲ್ಕಾಯಿತು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಸಿಟ್ಟು ಬಂದರೆ ಜಪಾನಿಯಲ್ಲಿ. ಹಗಲೆಲ್ಲ ನನ್ನ ಜೊತೆ ಮಾತಾಡುವುದು ರೈಸ್ ಕುಕ್ಕರ್ ಒಂದೇ. ಅನ್ನವಾದರೆ ಅದು ಒಂದು ಹಾಡು ಹಾಡುತ್ತದೆ. ನಾನೂ ಒಮ್ಮೊಮ್ಮೆ "ಆಯ್ತು ಕಣಮ್ಮ, ಬಂದೆ" ಎಂದು ಅದಕ್ಕೆ ಉತ್ತರ ಕೊಡುತ್ತೇನೆ. ನಗಬೇಡ.

ನಿನ್ನ ಬಿಯರ್ ಪಟ್ಟಿ ನನಗೆ ಇನ್ನೂ ಬಾಯಿಪಾಠ. ಅಮೆರಿಕಕ್ಕೆ ಮೋಟೆಲ್ಲಿನ ಕೆಲಸಕ್ಕೆಂದು ಹೋದವನು ಲಾರಿ ಹತ್ತಿದ ಮೇಲೆ ನಿನಗೆ ಬಂದ ಹೊಸ ಹುಚ್ಚು ಅದು. ಯಾವ ರಾಜ್ಯಕ್ಕೆ ಸಾಮಾನು ಇಳಿಸಲು ಹೋದರೂ ಅಲ್ಲಿಯ ಅಗ್ಗದ ಬಿಯರಿನ ಕ್ಯಾನಿನ ಫೋಟೋ ನನಗೆ ಬರುತ್ತಿತ್ತು. ಮೊದಲನೆಯದು ಪ್ಯಾಬ್ಸ್ಟ್, ಅದರಲ್ಲಿ ಎರಡು ಮಾತಿಲ್ಲ. ಎರಡನೆಯದು ಮಿಲ್ಲರ್ ಹೈ ಲೈಫ್, ಮೂರನೆಯದು ಟೆಕ್ಸಾಸಿನ ಲೋನ್ ಸ್ಟಾರ್, ಆಮೇಲೆ ಷಿಕಾಗೋ ಕಡೆಯ ಓಲ್ಡ್ ಸ್ಟೈಲ್. ಬಡ್‌ವೈಸರ್ ಬಗ್ಗೆ ಮಾತ್ರ ನೀನು ಮನಸ್ಸು ಬದಲಾಯಿಸುತ್ತಲೇ ಇದ್ದೆ. ಹಣ್ಣು, ಹೂವು, ಕಾಫಿ ಎಲ್ಲ ಸೇರಿಸಿದ ದುಬಾರಿ ಬಿಯರುಗಳನ್ನು ಕಂಡರೆ ನಿನಗಾಗದು. "ಬಾಯಾರಿದೋನ್ಗೆ ನೀರಿನ್ ಥರ ಇಳೀಬೇಕು ಅಕ್ಕ, ಪರೀಕ್ಷೆ ಥರ ಅಲ್ಲ" ಎನ್ನುತ್ತಿದ್ದೆ. ನಾವು ನಿನ್ನ ಮನೆಗೆ ಬಂದಿದ್ದಾಗ ಹಿಂದಿನ ಮೆಟ್ಟಿಲ ಮೇಲೆ ಕೂತು, ಭಾವನಿಗೆ ಕಾಣದ ಹಾಗೆ, ನನಗೂ ಒಂದು ಪ್ಯಾಬ್ಸ್ಟ್ ಕುಡಿಸಿದೆ. ಅವಲಕ್ಕಿ ತೊಳೆದ ನೀರಿನ ಹಾಗಿದೆ ಎಂದೆ ನಾನು. ನೀನು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕೆ. ನಿನ್ನಿಂದ ಕೊನೆಗೆ ಬಂದದ್ದು ಮಿನೆಸೋಟದ ಹ್ಯಾಮ್ಸ್ ಎಂಬ ಕ್ಯಾನಿನ ಫೋಟೋ. "ಇದು ಐದನೇದು, ಸದ್ಯಕ್ಕೆ" ಎಂದು ಬರೆದಿದ್ದೆ. ಅದಾದ ಮೇಲೆ ಎರಡು ಚಳಿಗಾಲ ಕಳೆಯಿತು. ಆರನೆಯದು ಯಾವುದು ಮಾರಾಯ?

ಈಗ ನಾನು ಮಾಡಿಕೊಂಡ ಒಂದು ಫಜೀತಿ ಹೇಳುತ್ತೇನೆ, ಕೇಳು. ನಮ್ಮ ಪಕ್ಕದ ಮನೆಯಲ್ಲಿ ಒಕಾಬೆ-ಸಾನ್ ಅಂತ ಒಬ್ಬ ಅಜ್ಜಿ ಇದ್ದಾರೆ, ಒಬ್ಬರೇ. ಲಿಫ್ಟಿನಲ್ಲಿ ಕಂಡರೆ ಬಗ್ಗುತ್ತಾರೆ, ನಾನೂ ಬಗ್ಗುತ್ತೇನೆ, ಅಷ್ಟೇ ನಮ್ಮ ಬಳಕೆ. ಜೂನ್ ತಿಂಗಳಲ್ಲಿ ಇಂಡಿಯನ್ ಅಂಗಡಿಗೆ ಮಾವಿನಹಣ್ಣು ಬಂದಿತ್ತು. ನಾಲ್ಕು ಹಣ್ಣು ಕೊಟ್ಟು ಬರೋಣವೆಂದು ಹರ್ಷಿಣಿಯನ್ನು ಎಳೆದುಕೊಂಡು ಹೋದೆ. ಒಳಗೆ ಕರೆದು ಕೂರಿಸಿದರು. ನೋಡುತ್ತೇನೆ, ಗಿಡ್ಡ ಮೇಜಿನ ಮೇಲೆ ಒಬ್ಬ ಹುಡುಗನ ಫೋಟೋ. ಅದರ ಮುಂದೆ ತಟ್ಟೆಯಲ್ಲಿ ಅನ್ನ, ಸುಟ್ಟ ಮೀನು, ಮುಚ್ಚಳ ಮುಚ್ಚಿದ ಸೂಪಿನ ಬಟ್ಟಲು. ಪಕ್ಕದಲ್ಲಿ ಒಂದು ಬಡ್‌ವೈಸರ್ ಕ್ಯಾನ್.

ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕೆ? ತಾತನ ಎಡೆಗೆ ಕೋಳಿಸಾರು, ಬೀಡಿಕಟ್ಟು, ಕ್ವಾರ್ಟರ್ ಬ್ರಾಂದಿ ಇಟ್ಟು ಬೆಳೆದವರು ನಾವು. ಹೋದವರಿಗೆ ಏನು ಇಷ್ಟವೋ ಅದನ್ನೇ ಇಡಬೇಕು, ಇಲ್ಲವಾದರೆ ಅದು ಅವರಿಗೆ ಸೇರುವುದಿಲ್ಲ, ಕಾಗೆಯೂ ಮುಟ್ಟುವುದಿಲ್ಲ. ಅಯ್ಯೋ, ಬಿಯರ್ ಕುಡಿಯುವ ವಯಸ್ಸಿನ ಮಗ ಹೋಗಿಬಿಟ್ಟನೇ ಎಂದುಕೊಂಡೆ. ಫೋಟೋದ ಮುಂದೆ ಮಂಡಿಯೂರಿ ಕೈ ಮುಗಿದೆ, ಅತ್ತೂಬಿಟ್ಟೆ. ಅಜ್ಜಿಯ ಕೈ ಹಿಡಿದುಕೊಂಡು, "ಏನಾಗಿತ್ತಂತೆ ಕೇಳೇ ಪಾಪ" ಎಂದು ಹರ್ಷಿಣಿಗೆ ಹೇಳಿದೆ. ಅವಳು ಕೆಂಪಾಗಿ, ಹತ್ತು ಸಲ ಸುಮಿಮಾಸೆನ್ ಎಂದು ಕ್ಷಮೆ ಬೇಡಿ, ಕೇಳಿದಳು. ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ನಗಲು ಶುರುಮಾಡಿದರು.

"ಅಮ್ಮಾ, ಹೀ ಈಸ್ ಅಲೈವ್! ಟೆಕ್ಸಾಸಲ್ಲಿ ಇದಾರಂತೆ. ಅಳ್ಬೇಡ ಪ್ಲೀಸ್, ಸೋ ಎಂಬರಾಸಿಂಗ್!"

ಆಮೇಲೆ ಅಜ್ಜಿ ಸಮಾಧಾನವಾಗಿ ಹೇಳಿದ್ದನ್ನು ಹರ್ಷಿಣಿ ನನಗೆ ತಿಳಿಸಿದಳು. ಇದು ಸತ್ತವರಿಗಲ್ಲವಂತೆ, ದೂರ ಹೋದವರಿಗಂತೆ. ಮನೆಯವರು ದೂರದಲ್ಲಿದ್ದರೆ ಅವರ ಪಾಲಿನದನ್ನು ಮನೆಯಲ್ಲಿ ಬಡಿಸಿಡುತ್ತಾರೆ. ಹಾಗೆ ಇಟ್ಟರೆ ಅವರು ಎಲ್ಲೇ ಇದ್ದರೂ ಹಸಿದಿರುವುದಿಲ್ಲ, ಸುಖವಾಗಿ ಮರಳುತ್ತಾರೆ ಎಂದು ನಂಬಿಕೆ. ಸ್ವಲ್ಪ ಹೊತ್ತಾದ ಮೇಲೆ ಮನೆಯವರೇ ಅದನ್ನು ಉಣ್ಣುತ್ತಾರೆ. ಈಗಿನವರು ಯಾರೂ ಮಾಡುವುದಿಲ್ಲವಂತೆ. ಇವರ ಅತ್ತೆ ಮಾತ್ರ ಮೀನಿನ ಹಡಗಿಗೆ ಹೋದ ಗಂಡನಿಗೆ ಇಡುತ್ತಿದ್ದರಂತೆ. ಅಜ್ಜಿ ಸೂಪಿನ ಬಟ್ಟಲಿನ ಮುಚ್ಚಳ ತೆಗೆದು, ತಿರುಗಿಸಿ ತೋರಿಸಿದರು. ಒಳಗಡೆ ತುಂಬ ನೀರಿನ ಹನಿ ಕೂತಿತ್ತು. ಹನಿ ಇದ್ದರೆ ಹೋದವರು ಕ್ಷೇಮ ಎಂದು ಲೆಕ್ಕವಂತೆ.

ಬಿಯರ್ ಯಾಕೆ ಎಂದು ಹರ್ಷಿಣಿಯಿಂದ ಕೇಳಿಸಿದೆ. ಮಗ ಅಲ್ಲಿ ಕುಡಿಯುವುದು ಲೋನ್ ಸ್ಟಾರ್ ಅಂತೆ, ಇಲ್ಲಿ ಸಿಗುವುದಿಲ್ಲ, ಅಮೆರಿಕದ್ದೇ ಯಾವುದೋ ಒಂದು ಇರಲಿ ಎಂದು ಇದನ್ನು ಇಟ್ಟರಂತೆ. "ಲೋನ್ ಸ್ಟಾರಾ! ನನ್ ತಮ್ಮನ್ ಪಟ್ಟೀಲಿ ಮೂರನೇದು ಅಂತ ಹೇಳೇ!" ಎಂದು ನಾನು ಕೂಗಿಯೇಬಿಟ್ಟೆ. ಹರ್ಷಿಣಿ ಅದನ್ನು ಹೇಗೆ ತರ್ಜುಮೆ ಮಾಡಿದಳೋ, ಅಜ್ಜಿ ನನ್ನ ಹಣೆಯ ಕುಂಕುಮ ನೋಡಿದರು, ಕ್ಯಾನ್ ನೋಡಿದರು, ಎದ್ದುನಿಂತು ನನಗೆ ಬಗ್ಗಿದರು.

ಆವತ್ತಿನಿಂದ ನಿನ್ನ ಪ್ಯಾಬ್ಸ್ಟ್ ಹುಡುಕುವುದೇ ನನ್ನ ಕೆಲಸವಾಯಿತು. ಕೊಂಬಿನಿ ಎನ್ನುವ ಇಲ್ಲಿಯ ಬೀದಿಬದಿಯ ಅಂಗಡಿಗಳಲ್ಲಿ ಇವರ ಬಿಯರೇ ಗೋಡೆ ತುಂಬ. ಅಂತೂ ಉಯೆನೊ ಸ್ಟೇಷನ್ ಪಕ್ಕದ ಸಂತೆಬೀದಿಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿ ಲಾರಿಯವರು ಕುಡಿಯುವುದು ಇಲ್ಲಿ ಹೊರದೇಶದ ಸರಕೆಂದು ಗಾಜಿನ ಫ್ರಿಜ್ಜಿನಲ್ಲಿ ದೊರೆಯಂತೆ ಕೂತಿದೆ, ಇಲ್ಲಿಯ ಒಳ್ಳೆಯ ಬಿಯರಿಗಿಂತ ದುಬಾರಿ! ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಚೀಲ ತುಂಬಿಕೊಂಡು ರೈಲು ಇಳಿದರೆ ಎದುರಿಗೆ ಕನ್ನಡ ಕೂಟದ ಮಾಲತಿ. ಅವಳ ಕಣ್ಣು ನೆಟ್ಟಗೆ ಚೀಲದೊಳಕ್ಕೇ ಹೋಯಿತು.

"ಏನ್ ರತ್ನಕ್ಕ, ಮನೇಲಿ ಪಾರ್ಟಿನಾ?"

"ಇಲ್ಲಮ್ಮ, ತಲೆಗೆ ಹಚ್ಕೊಳಕ್ಕೆ. ಕೂದ್ಲು ಉದುರೋದು ನಿಲ್ಲತ್ತಂತೆ."

ಈಗ ನಮ್ಮ ಕೂಟದ ಅರ್ಧ ಹೆಂಗಸರು ತಲೆಗೆ ಬಿಯರ್ ಹಚ್ಚಿಕೊಳ್ಳುತ್ತಿದ್ದಾರೆ. ಮೊನ್ನೆ ವರಮಹಾಲಕ್ಷ್ಮಿ ಪೂಜೆಗೆ ಹೋದಾಗ ಮಲ್ಲಿಗೆಯ ಜೊತೆ ಅದೂ ಘಮ್ಮೆನ್ನುತ್ತಿತ್ತು.

ಶನಿವಾರ ಮಧ್ಯಾಹ್ನ ನಿನ್ನ ಪಾಲು ಬಡಿಸಿಡುತ್ತೇನೆ. ಅನ್ನ, ಹುರುಳಿಕಾಳಿನ ಬಸ್ಸಾರು, ಸಿಕ್ಕಿದರೆ ಮೀನು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕ್ಯಾನ್. ಲಾರಿಯ ಬಾಗಿಲು ಹಿಡಿದು ಹಲ್ಲು ಕಿರಿಯುತ್ತಿರುವ ನಿನ್ನ ಫೋಟೋ ಇಟ್ಟಿದ್ದೇನೆ. ಹಾರ ಹಾಕಿಲ್ಲ, ಹೆದರಬೇಡ. ನಿಮ್ಮ ಭಾವ ಮೊದಲ ದಿನ "ಇದೇನೇ ಇದು, ಬದುಕಿರೋರಿಗೆ" ಎಂದರು. ಅಜ್ಜಿ ಹೇಳಿದ್ದನ್ನೆಲ್ಲ ನಾನು ಹೇಳಿದೆ. ಮುಂದಿನ ವಾರ ತಾವೇ ಒಂದು ಹಪ್ಪಳ ತಂದಿಟ್ಟರು. ಹರ್ಷಿಣಿ ಊಟ ಮುಗಿಸಿ ಟ್ಯೂಷನ್ನಿಗೆ ಓಡುತ್ತಾಳೆ. ಆಮೇಲೆ ನಿನ್ನ ಪಾಲು ನಾನೇ ಉಂಡು, ಬಿಯರ್ ಕುಡಿಯುತ್ತೇನೆ. ಇಲ್ಲಿ ನಾಲ್ಕು ಜನ ಕೂತರೆ ಯಾರೂ ತಮ್ಮ ಲೋಟಕ್ಕೆ ತಾವೇ ಬಿಯರ್ ಹೊಯ್ದುಕೊಳ್ಳುವುದಿಲ್ಲ, ಪಕ್ಕದವರು ಹೊಯ್ಯಬೇಕು, ಅದು ಮರ್ಯಾದೆ. ನಾನು ನನ್ನ ಲೋಟಕ್ಕೆ ನಾನೇ ಹೊಯ್ದುಕೊಳ್ಳುತ್ತೇನೆ. ಇವತ್ತಿಗೂ ಅವಲಕ್ಕಿ ತೊಳೆದ ನೀರೇ ಕಣೋ. ಆದರೆ ಹಾಗೆಂದರೆ ನಗುವವರು ಯಾರೂ ಇಲ್ಲ, ಅದೇ ಸಂಕಟ.

ಮೋಹನಣ್ಣನ ಮಾತು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಬಿಟ್ಟುಬಿಡು. ಅಪ್ಪ ತೀರಿಕೊಂಡಾಗ ನೀನು ಬರಲಾಗಲಿಲ್ಲ. ವೀಸಾದ ಕಷ್ಟ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. "ನಮ್ ಪಾಲಿಗ್ ನೀನ್ ಸತ್ತೆ ಹೋಗೋ" ಎಂದು ಫೋನಿನಲ್ಲಿ ಕಿರುಚಿದನಲ್ಲ, ಅಪ್ಪನ ಚಿತೆಯ ಮುಂದೆ ನಿಂತು ಬಂದ ಹಿರಿಮಗನ ಬಾಯಿ ಅದು. ನೀನೂ ಅದನ್ನೇ ಹಿಡಿದುಕೊಂಡು ಕೂತರೆ ಹೇಗೆ? ಅವನೊಂದಿಗೆ ಜಗಳ ಬೇಕಾದರೆ ಆಡು. ನಾನೇನು ಮಾಡಿದ್ದೆ, ನನಗೆ ಯಾಕೆ ಈ ಶಿಕ್ಷೆ?

ಬರೆದದ್ದು ಉದ್ದವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣು. ಕುಡಿದು ಲಾರಿ ಹತ್ತಬೇಡ. ಹೋದ ದಾರಿಯೆಲ್ಲ ನಿನಗೆ ನೆರಳು ಸಿಗಲಿ, ನಿಂತ ಊರಿನಲ್ಲಿ ನಿನ್ನ ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಇರಲಿ. ನಮ್ಮ ಚಾಮುಂಡಿ ನಿನ್ನನ್ನು ಕಾಯಲಿ.

ಇಂತಿ ನಿನ್ನ
ರತ್ನಕ್ಕ

ತಾ.ಕ.: ಬರೆಯಬಾರದೆಂದೇ ಸಹಿ ಹಾಕಿದ್ದೆ, ತಡೆಯಲಾಗಲಿಲ್ಲ. ನಿನ್ನೆ ಮೈಸೂರಿನಿಂದ ಮೋಹನಣ್ಣ ಫೋನ್ ಮಾಡಿದ್ದ. ಈ ಸಲ ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಡೆಯ ಪಕ್ಕ ನಿನಗೂ ಒಂದು ಎಲೆ ಹಾಕುತ್ತಾನಂತೆ. ತನ್ನ ಮಾತೇ ನಿನ್ನನ್ನು ತಿಂದುಹಾಕಿತು ಎಂದು ಮಗುವಿನ ಹಾಗೆ ಅತ್ತ. "ಇನ್ನೆಷ್ಟು ದಿನ ಹಸ್ಕೊಂಡಿರ್ಬೇಕು ರತ್ನಾ ಅವ್ನು? ಅವ್ನಿಗೇನಿಷ್ಟ ಅಂತ ನಿಂಗೊಬ್ಳಿಗೇ ಗೊತ್ತಿರೋದು, ಹೇಳು" ಎಂದ. ನನಗೇನೂ ಗೊತ್ತಿಲ್ಲ ಎಂದುಬಿಟ್ಟೆ. ಅವರು ಏನು ಬೇಕಾದರೂ ಬಡಿಸಲಿ, ಪ್ಯಾಬ್ಸ್ಟ್ ಮಾತ್ರ ಇಡಲಾರರು. ಆ ಎಡೆ ನಿನಗೆ ಸೇರಬಾರದು.

ಇನ್ನೊಂದು. ಮೊದಲ ಶನಿವಾರ ನಾನೂ ಸಾರಿನ ಬಟ್ಟಲಿಗೆ ಮುಚ್ಚಳ ಮುಚ್ಚಿದ್ದೆ. ಸಾರು ಆರಿತ್ತೋ ಏನೋ, ತೆಗೆದು ನೋಡಿದರೆ ಒಳಗೆ ಒಂದು ಹನಿಯೂ ಇರಲಿಲ್ಲ. ಆಮೇಲೆ ಮುಚ್ಚಳ ಮುಚ್ಚುವುದನ್ನೇ ಬಿಟ್ಟೆ. ಕ್ಯಾನ್ ನೋಡುತ್ತಾ ಕೂರುತ್ತೇನೆ. ಅದರ ಮೈತುಂಬ ಹನಿ ಕೂರುತ್ತದೆ, ಇಳಿದು ಮೇಜು ಒದ್ದೆಯಾಗುತ್ತದೆ. ಈ ಸೆಕೆಯಲ್ಲಿ ತಣ್ಣಗಿನ ಕ್ಯಾನ್ ಯಾರ ಮುಂದಿಟ್ಟರೂ ಬೆವರುತ್ತದೆ, ಅಷ್ಟು ನನಗೂ ಗೊತ್ತು ಮಧು. ಚಳಿಗಾಲಕ್ಕೆ ಇಲ್ಲಿ ಗಾಳಿ ಒಣಗುತ್ತದೆ, ಆಗ ಬೆವರುವುದಿಲ್ಲ. ಅಷ್ಟರೊಳಗೆ ಒಂದು ಸಾಲು ಬರಿ.