ಒಡಪಿನಲ್ಲಿ ಹೇಳಿದ ಇಪ್ಪತ್ತು ದೇಶ

ಕೊಪ್ಪಳ,
ತಾ. ೨೦ ಡಿಸೆಂಬರ್ ೧೯೩೭

ನನ್ನ ಪ್ರೀತಿಯ ವಕೀಲ ಸಾಹೇಬರಿಗೆ (ಇನ್ನೂ ಆಗಿಲ್ಲ, ಗೊತ್ತು, ನಾನು ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ),

ಹೇಗಿದ್ದೀರಿ? ಪುಣೆಯ ಚಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಖಾನಾವಳಿಯವನು ಈಗಲಾದರೂ ಸಾರಿಗೆ ಬೆಲ್ಲ ಹಾಕುವುದನ್ನು ಬಿಟ್ಟನೇ? ಕಳಿಸಿದ ಅಗಸಿ ಹಿಂಡಿಯನ್ನು ಗೆಳೆಯರಿಗೇ ಹಂಚಿಬಿಡಬೇಡಿ. ಅರ್ಧ ನಾನೇ ಕುಟ್ಟಿದ್ದು, ಕೈಯಲ್ಲಿ ಗುಳ್ಳೆ ಬಂದಿದೆ. ಇಲ್ಲಿ ನಿಮ್ಮ ಅವ್ವ ಆರಾಮವಾಗಿದ್ದಾರೆ. ಆರಾಮ ಎನ್ನುವುದು ಸಣ್ಣ ಮಾತಾಯಿತು. ಅವರು ಇಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿಲ್ಲ. ಆರಾಮವಿಲ್ಲದವಳು ನಾನೊಬ್ಬಳೇ. ಹೋದ ವಾರ ಬೆರಗಿನಿಂದ ತೆರೆದ ಬಾಯಿ ಇನ್ನೂ ಮುಚ್ಚಿಲ್ಲ, ಹಾಗೇ ಕೂತು ಬರೆಯುತ್ತಿದ್ದೇನೆ. ನೀವೂ ಕುರ್ಚಿಯ ಮೇಲೆ ಸರಿಯಾಗಿ ಕುಳಿತು ಓದಿ.

ನನ್ನ ಇಪ್ಪತ್ತು ದೇಶಗಳ ಮಾತು ನಿಮಗೆ ನೆನಪಿದೆಯಲ್ಲ? ಸಿಕಂದರಾಬಾದಿನ ನಮ್ಮ ಶಾಲೆಯಲ್ಲಿ ಭೂಗೋಳದ ಸಿಸ್ಟರ್ ಗೋಳವನ್ನು ಗಿರ್ರನೆ ತಿರುಗಿಸಿ, ಯಾರು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದರು. ಉಳಿದ ಹುಡುಗಿಯರು ಒಂದೊಂದು ಊರು ಹೇಳಿದರು. ನಾನು ಎದ್ದು ನಿಂತು, ನಲವತ್ತು ತುಂಬುವುದರೊಳಗೆ ಇಪ್ಪತ್ತು ದೇಶ ನೋಡುತ್ತೇನೆ ಎಂದೆ. ಕಳಕಮ್ಮ ಎನ್ನಲು ನಾಲಿಗೆ ಹೊರಳದೆ ನನ್ನನ್ನು ಕ್ಲಾರಾ ಎಂದು ಕರೆಯುತ್ತಿದ್ದ ಆ ಸಿಸ್ಟರ್ ಅಂದು ಇಡೀ ತರಗತಿಯ ಕೈಯಲ್ಲಿ ಚಪ್ಪಾಳೆ ತಟ್ಟಿಸಿದರು. ಆ ಗುರಿಯನ್ನು ನಾನು ಬಿಟ್ಟಿಲ್ಲ. ಮದುವೆಯಾದ ಹೊಸದರಲ್ಲಿ ಮಾಳಿಗೆಯ ಮೇಲೆ ನಿಮಗೆ ಹೇಳಿದಾಗ ನೀವು ನಕ್ಕು, ಮೊದಲು ಹೊಸಪೇಟೆ ನೋಡೋಣ ಬಾ ಎಂದಿರಿ. ಅದೂ ಆಗಲಿಲ್ಲ, ಕಾಲೇಜು ತೆರೆಯಿತು, ನೀವು ಹೊರಟುಹೋದಿರಿ. ನಾನು ಅಟ್ಲಾಸನ್ನು ಸೀರೆಗಳ ಕೆಳಗೆ ಇಟ್ಟು, ಜೋಳ ಹಸನು ಮಾಡುವಾಗೆಲ್ಲ ಮನಸ್ಸಿನಲ್ಲೇ ಇಟಲಿ, ಜಪಾನು ತಿರುಗಿಕೊಂಡಿದ್ದೆ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಹೋದ ಸೋಮವಾರ ತಳಕಲ್ಲಿನಲ್ಲಿ ನಿಮ್ಮ ಚಿಕ್ಕಪ್ಪನ ಮಗಳು ಅನ್ನಮ್ಮನ ಚೊಚ್ಚಲ ಬಸುರಿನ ಕುಬಸ ಇತ್ತು. ಅವಳು ಹಸಿರು ಕುಪ್ಪಸ, ಹಸಿರು ಬಳೆಯಲ್ಲಿ ಎಷ್ಟು ಚೆಂದ ಕಾಣುತ್ತಿದ್ದಳು ಎಂದರೆ ನನಗೂ ಒಮ್ಮೆ ಬಸುರಾಗಬೇಕು ಅನ್ನಿಸಿತು (ಈಗಲೇ ಅಲ್ಲ, ಮೊದಲು ದೇಶಗಳು). ಊಟಕ್ಕೆ ಏಳುವಾಗ ಹೆಂಗಸರೆಲ್ಲ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತರು. ಹೊಸ ಸೊಸೆ ಗಂಡನ ಹೆಸರು ಹಾಕಿ ಒಡಪು ಹೇಳಬೇಕು, ಹೇಳಿದರೆ ಹೋಳಿಗೆ, ಇಲ್ಲದಿದ್ದರೆ ಉಪವಾಸ. ಇಂಗ್ಲಿಷ್ ಸಾಲಿ ಕಲಿತಾಕಿಗೆ ಒಡಪು ಎಲ್ಲಿಂದ ಬರಬೇಕು ಎಂದು ಆ ಮನೆಯ ಮುದಕಮ್ಮಜ್ಜಿ ಕಿಚಾಯಿಸಿದರು. ನನಗೆ ರೋಷ ಬಂತು. ಅಲ್ಲೇ ನಿಂತು ಕಟ್ಟಿ ಹೇಳಿದೆ:

ಕೊಪ್ಪಳದ ಕ್ವಾಟಿ ಕಂಡೇನಿ ಮಾಳಗಿ ಮ್ಯಾಲೆ ನಿಂತು,
ಇಪ್ಪತ್ತು ದೇಶ ಕಾಣತೇನಿ ಹಡಗಿನಾಗ ಕುಂತು,
ಗವಿಸಿದ್ದಪ್ಪನವರ ಕೈ ಹಿಡಿದು ಹೇಳೇನಿ ಈ ಮಾತು.

(ಹೆಸರು ಬರೆದೇಬಿಟ್ಟೆ. ಇನ್ನು ಮುಚ್ಚುಮರೆ ಯಾಕೆ.) ಹೆಂಗಸರು ಬಿದ್ದು ಬಿದ್ದು ನಕ್ಕರು. ಮುದಕಮ್ಮಜ್ಜಿ ಎರಡು ಹೋಳಿಗೆ ಹೆಚ್ಚು ಹಾಕಿಸಿದರು. ಆದರೆ ಪಡಸಾಲೆಯ ಕಂಬಕ್ಕೆ ಒರಗಿ ವೀಳ್ಯದೆಲೆ ಒರೆಸುತ್ತಿದ್ದ ಅತ್ತೆಯವರ ಕೈ ಹಾಗೇ ನಿಂತಿತ್ತು. ತೊಡೆಯ ಮೇಲಿನ ಎಲೆಗಳು ನೆಲಕ್ಕೆ ಜಾರಿದ್ದೂ ಅವರಿಗೆ ತಿಳಿಯಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ, ಸಮುದ್ರ ದಾಟುವ ಸೊಸೆಯೇ ಎಂದು ಬೈಗುಳ ಬೀಳುತ್ತದೆ ಎಂದುಕೊಂಡು, ಉತ್ತರಗಳನ್ನೆಲ್ಲ ಜೋಡಿಸಿಕೊಂಡು ಕೂತಿದ್ದೆ. ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತ ಅವರು ಅಂದದ್ದು ಇಷ್ಟು: "ಗಂಡನ ಹೆಸರ ಹಿಡಿದು ಆಡಿದ ಮಾತು ಅದು, ತಂಗಿ. ನಡಸಬೇಕಾಗ್ತೈತಿ."

ಚಾಷ್ಟಿಗೆ, ಬರೀ ನಗಿಸಲಿಕ್ಕೆ ಅಂದೆ ಎಂದು ಹೇಳಿದೆ. ಕಾಲು ಹಿಡಿಯುವುದೊಂದು ಬಾಕಿ. ಒಡಪಿನಲ್ಲಿ ಚಾಷ್ಟಿ ಇರುವುದಿಲ್ಲವಂತೆ. ಹೆಸರು ಹೇಳಿ ಆಡಿದ ಮಾತು ತಪ್ಪಿದರೆ ಅದು ಆ ಹೆಸರಿನವರಿಗೇ ತಟ್ಟುತ್ತದಂತೆ. ಎಂದರೆ ನಿಮಗೆ! ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳನ್ನು ಎಬ್ಬಿಸಿ, ಆ ದೇಶದ ಪುಸ್ತಕ ತಾ ಎಂದರು. ಸೀರೆಗಳ ಕೆಳಗೆ ಏನಿದೆ ಎಂದು ಅವರಿಗೆ ಹೇಗೆ ಗೊತ್ತೋ! ಅಟ್ಲಾಸು ಬಿಡಿಸಿದೆ. ನಮ್ಮ ಊರು ಎಲ್ಲಿ ಎಂದು ಕೇಳಿದರು, ತೋರಿಸಿದೆ. ನೀಲಿ ಬಣ್ಣದ್ದು ಏನು ಎಂದರು, ನೀರು ಎಂದೆ. ಆ ನೀಲಿಯನ್ನು ಅಂಗೈಯಿಂದ ಸವರಿದರು. ಆಮೇಲೆ ಸಿಂಹಳದ ಮೇಲೆ ಬೆರಳಿಟ್ಟು, "ಇದು ಹತ್ರ ಐತಿ. ಇಲ್ಲಿಂದ ಸುರು ಮಾಡು" ಎಂದರು.

ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡೆ. ಮಧ್ಯಾಹ್ನ ಪಕ್ಕದ ಮನೆಯ ಅಬೇದಾಬಿಯವರನ್ನು ಕರೆಸಿದರು. ಅವರು ಗಂಡ ಟಿಪ್ಪುಸಾಬರ ಜೊತೆ ಮುಂಬಯಿಯಿಂದ ಹಡಗು ಹತ್ತಿ ಹಜ್ಜಿಗೆ ಹೋಗಿ ಬಂದವರು. ಇಬ್ಬರೂ ಹಿತ್ತಲಲ್ಲಿ ಕೂತು, ನಾನು ಹುಣಸೆಹಣ್ಣೋ ಶೇಂಗಾವೋ ಎಂಬಂತೆ ನನ್ನ ಪ್ರಯಾಣದ ಕಟ್ಟು ಕಟ್ಟಿದರು. ಹಡಗಿನಲ್ಲಿ ಹೊಟ್ಟೆ ತೊಳಸಿದರೆ ನಿಂಬೆಕಾಯಿ ಉಪ್ಪಿನಕಾಯಿ ನೆಕ್ಕಬೇಕಂತೆ. ನೀರು ನೋಡಬಾರದಂತೆ, ದೂರದ ಅಂಚು ನೋಡಬೇಕಂತೆ. ಸೀರೆಯ ನಿರಿಗೆ ಗಾಳಿಗೆ ಹಾರದಂತೆ ಎಲ್ಲಿ ಗಂಟು ಹಾಕಬೇಕು ಎಂದು ಅಬೇದಾಬಿ ಎದ್ದು ನಿಂತು ತೋರಿಸಿದರು. "ಹೆದರಬ್ಯಾಡ ಬೇಟಿ, ಮೊದಲನೇ ದಿನ ಸತ್ತೆ ಅನ್ನಸ್ತದ, ಎರಡನೇ ದಿನ ಸಾಯಲಿಲ್ಲಲ್ಲಾ ಅಂತ ಬ್ಯಾಸರ ಬರ್ತದ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮೊಬ್ಬರ ಹತ್ತಿರ ಹೇಳುತ್ತೇನೆ, ನನಗೆ ಭಯವಾಗಿದೆ. ಇಷ್ಟು ವರ್ಷ ಯಾರಾದರೂ ಬೇಡ ಎನ್ನುತ್ತಾರೆ ಎಂಬ ಧೈರ್ಯದ ಮೇಲೆಯೇ ನಾನು ಅಷ್ಟು ದೊಡ್ಡ ಗುರಿ ಇಟ್ಟುಕೊಂಡಿದ್ದೆನೋ ಏನೋ. ಹೋಗು ಎನ್ನುವವರೊಬ್ಬರು ಸಿಕ್ಕ ಕೂಡಲೇ ಅಟ್ಲಾಸನ್ನು ಮತ್ತೆ ಸೀರೆಗಳ ಕೆಳಗೆ ಮುಚ್ಚಿಟ್ಟಿದ್ದೇನೆ.

ಇನ್ನೂ ಮುಗಿದಿಲ್ಲ. ನಿನ್ನೆ ಟಿಪ್ಪುಸಾಬರು ಗುಂತಕಲ್ಲಿಗೆ ಹೋಗಿ ರೈಲು, ಹಡಗು ವಿಚಾರಿಸಿಕೊಂಡು ಬಂದರು. ಸಂಕ್ರಾಂತಿ ಕಳೆದ ಮೇಲೆ ಮದ್ರಾಸಿಗೆ, ಅಲ್ಲಿಂದ ಧನುಷ್ಕೋಡಿಗೆ ರೈಲು, ಆಮೇಲೆ ಹಡಗು. ಎಲ್ಲ ನಿಶ್ಚಯವಾಗಿದೆ. ನೀವು ಅಷ್ಟರೊಳಗೆ ಬರಲೇಬೇಕೆಂದು ಅತ್ತೆಯವರ ಅಪ್ಪಣೆ. ಕೇಳಿ, ಟಿಕೀಟು ಮೂರು! ಮೂರನೆಯದು ಯಾರಿಗೆ ಎಂದು ಕೇಳಿದ್ದಕ್ಕೆ ಅತ್ತೆಯವರು "ನನಗ" ಎಂದು ಒಳಗೆ ನಡೆದರು. ಹೊಸದಾಗಿ ಮದುವೆಯಾದವರ ನಡುವೆ ಅತ್ತೆ, ಅದೂ ಹಡಗಿನಲ್ಲಿ! ನಾನು ನಿಮ್ಮ ಕೈ ಹಿಡಿಯುವುದು ಯಾವಾಗ? ಮಾತು ನಡೆಸುತ್ತೇನೋ ಇಲ್ಲವೋ ಎಂದು ನನ್ನ ಮೇಲೆ ಪಹರೆಯೇ? ನೀವೇ ಒಂದು ಕಾಗದ ಬರೆದು, ಅವರಿಗೆ ಹಡಗಿನ ಗಾಳಿ ಒಗ್ಗುವುದಿಲ್ಲ ಎಂದೋ, ಮನೆ ನೋಡಿಕೊಳ್ಳುವವರಿಲ್ಲ ಎಂದೋ ನಯವಾಗಿ ತಪ್ಪಿಸಿ. ನಿಮ್ಮ ಮಾತು ಅವರು ಕೇಳುತ್ತಾರೆ.

ಕತ್ತಲಾಗುವ ಮುಂಚೆ ಆಳು ಗ್ಯಾನಪ್ಪ ಟಪಾಲಿಗೆ ಹೊರಡುತ್ತಾನೆ, ಮುಗಿಸುತ್ತೇನೆ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳಿ, ದೀಪದ ಹತ್ತಿರ ಬಗ್ಗಿ ಓದಬೇಡಿ. ಅವ್ವನ ಆಶೀರ್ವಾದ, ಅಬೇದಾಬಿಯವರ ಸಲಾಮು, ನನ್ನದು ಏನೇನೋ ಎಲ್ಲ.

ಇಪ್ಪತ್ತು ದೇಶದ ನಿಮ್ಮ
ಕಳಕಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. ತಾವು ಮದುಮಗಳಾಗಿದ್ದಾಗ ಹೇಳಿದ ಒಡಪನ್ನು ಹೇಳಿದರು: "ಉಡಿಯಾಗ ಅಕ್ಕಿ ತುಂಬಿ ಕಡಲಿನ ಅಂಚಿಗೆ ಹೋಗತೇನಿ, ದೊಡ್ಡಬಸಪ್ಪನವರ ಜೋಡಿ ಕಡಲವ್ವಗ ಉಡಿ ತುಂಬತೇನಿ." ಮಾವನವರ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಮುಂದಿನ ವರ್ಷ ಹೋಗೋಣ, ಹತ್ತಿ ಮಾರಿದ ಮೇಲೆ ಹೋಗೋಣ ಎನ್ನುತ್ತಲೇ ಮಾವನವರು ತೀರಿಕೊಂಡರಂತೆ. ಆಗ ನೀವು ತೊಟ್ಟಿಲಲ್ಲಿ ಇದ್ದಿರಂತೆ. "ನಾ ನಡಸಲಿಲ್ಲ, ಅವರು ಹೋದರು. ನೀ ಅಂದದ್ದು ಕೇಳಿ ಎದಿ ಝಲ್ ಅಂತು" ಎಂದರು. ಉಡಿ ತುಂಬುವ ಅಕ್ಕಿಯನ್ನು ಆಗಲೇ ಹಸನು ಮಾಡಿ ಇಟ್ಟಿದ್ದಾರೆ. ಮೇಲೆ ಬರೆದದ್ದನ್ನು ಹೊಡೆದು ಹಾಕಲು ಹೊತ್ತಿಲ್ಲ, ನೀವೇ ಹೊಡೆದು ಹಾಕಿ. ಅವರನ್ನು ತಪ್ಪಿಸುವ ಕಾಗದ ಬರೆಯಬೇಡಿ. ನೀವು ಬನ್ನಿ. ಮೊದಲು ಅವರ ಕಡಲು, ಆಮೇಲೆ ನನ್ನ ದೇಶ.