ಪಂಪಿನ ಮೇಲಿನ ಕುಂಕುಮ

೩೧ ಮಾರ್ಚ್ ೨೦೦೩, ಸೋಮವಾರ

ಬೆನ್ನು ಹಿಡ್ಕೊಂಡಿದೆ. ಅದಕ್ಕಿಂತ ಹೆಚ್ಚಾಗಿ ವೇಣುಗೋಪಾಲ್‌ಗೆ ಬೈದದ್ದು ಚುಚ್ಚುತ್ತಿದೆ.

ನಾಳೆ ಬೆಳಿಗ್ಗೆ ಆರಕ್ಕೆ ನಮ್ಮ ಕ್ಲಬ್ಬಿನಲ್ಲಿ ಮಕ್ಕಳ ಈಜು ಶಿಬಿರ ಶುರು. ನೀರು ಸೋಸೋ ಪಂಪಿನ ಮೋಟಾರ್ ಶನಿವಾರವೇ ಸುಟ್ಟುಹೋಗಿ, ಕೊಳದ ನೀರು ಹಸಿರಾಗುತ್ತಿತ್ತು. ಮೆಕ್ಯಾನಿಕ್ ಯಾಕೆ, ಹೊಸದನ್ನ ನಾನೇ ಹಾಕ್ತೀನಿ ಅಂತ ಸೆಕ್ರೆಟರಿ ಮುಂದೆ ಜಂಬ ಕೊಚ್ಚಿದೆ. ಹನ್ನೊಂದು ವರ್ಷದಿಂದ ಈ ಪಂಪ್ ನೋಡ್ಕೊಳ್ತಿರೋನು ನಾನಲ್ವಾ?

ಹೊಸ ಮೋಟಾರ್ ಕೂರಿಸಿದೆ. ಚೆನ್ನಾಗೇ ತಿರುಗಿತು, ನೀರು ಮಾತ್ರ ಮುದುಕರ ಉಚ್ಚೆ ಥರ ಬಂತು. ಎರಡು ಸಲ ಬಿಚ್ಚಿ ಕೂರಿಸಿದರೂ ಅಷ್ಟೇ. ಕೊನೆಗೆ, ಮೋಟಾರ್ ಕೊಟ್ಟ ಚಾಮರಾಜಪೇಟೆ ಅಂಗಡಿಯ ವೇಣುಗೋಪಾಲ್‌ಗೆ ಫೋನ್ ಮಾಡಿ, "ಏನ್ರೀ, ಹಳೇದಕ್ಕೆ ಬಣ್ಣ ಬಳಿದು ಕೊಟ್ಟಿದ್ದೀರಾ?" ಅಂತ ರೇಗಿದೆ.

"ಉಲ್ಟಾ ತಿರುಗ್ತಿರಬೇಕು, ಮುನಿರಾಜಣ್ಣ. ಯಾವ ಕಡೆ ತಿರುಗಬೇಕು ಅಂತ ಪಂಪಿನ ಮೇಲೆ ಬಾಣದ ಗುರುತಿರುತ್ತೆ, ನೋಡಿ," ಅಂದರು.

"ನಮ್ಮ ಪಂಪಲ್ಲಿ ಯಾವ ಬಾಣಾನೂ ಇಲ್ಲ!" ಅಂತ ಫೋನ್ ಕುಕ್ಕಿದೆ.

ಇತ್ತು. ಹನ್ನೊಂದು ಆಯುಧಪೂಜೆಗಳ ಅರಿಶಿನ ಕುಂಕುಮ ಅದರ ಮೇಲೆ ಹೆಪ್ಪುಗಟ್ಟಿ ಕೂತಿತ್ತು. ವರ್ಷಾ ವರ್ಷಾ ಅದೇ ಜಾಗಕ್ಕೆ ಭಕ್ತಿಯಿಂದ ಮೆತ್ತಿದವನು ನಾನೇ. ಸ್ಕ್ರೂಡ್ರೈವರಲ್ಲಿ ಕೆರೆದಾಗ ಬಾಣ ಕಾಣಿಸಿತು, ಮೋಟಾರ್ ತಿರುಗುತ್ತಿದ್ದದ್ದು ಅದಕ್ಕೆ ಉಲ್ಟಾ. ಎರಡು ವೈರ್ ಅದಲು ಬದಲು ಮಾಡಿದೆ, ನೀರು ನುಗ್ಗಿ ಬಂತು. ಐದು ನಿಮಿಷದ ಕೆಲಸಕ್ಕೆ ಇಡೀ ದಿನ ಹೋಯ್ತು.

ಸಂಜೆ ವೇಣುಗೋಪಾಲ್ ತಾವಾಗೇ ಫೋನ್ ಮಾಡಿದ್ದರು. ಆಫೀಸಿಂದ ಕೂಗಿ ಕರೆದರೂ ನಾಚಿಕೆಯಾಗಿ ಹೋಗಲಿಲ್ಲ. ನಾಳೆ ಅಂಗಡಿಗೇ ಹೋಗಿ ತಪ್ಪು ಒಪ್ಕೋಬೇಕು.

ಮನೆಗೆ ಬಂದ ತಕ್ಷಣ ನನ್ನವಳು ಕೇಳಿದಳು, "ಹೊಸ ಮೋಟಾರಿಗೆ ಕುಂಕುಮ ಇಟ್ರಾ?"

"ಇಟ್ಟೆ" ಅಂದೆ. ಬಾಣದಿಂದ ಒಂದು ಗೇಣು ದೂರದಲ್ಲಿ ಇಟ್ಟೆ ಅಂತ ಹೇಳಲಿಲ್ಲ.