ಮೂವತ್ತೊಂದನೇ ಪುಟದ ಬಾಗಿಲು

ಹುನಗುಂದ
೧೪-೯-೧೯೮೬

ಪ್ರೀತಿಯ ತಮ್ಮ ಮಲಕಪ್ಪನಿಗೆ ಅಕ್ಕನ ನೂರು ಹರಕೆಗಳು.

ನಿನ್ನ ಪುಸ್ತಕ ಬಂದು ಮೂರು ತಿಂಗಳಾಯಿತು. "ಮುಂಬಯಿಯ ಛಾಪಖಾನೆಯಲ್ಲಿ ಬೇರೆಯವರ ಅಕ್ಷರ ಜೋಡಿಸುವ ನಾನು ನನ್ನದೇ ಒಂದು ಆಟದ ಕಥೆ ಅಚ್ಚು ಹಾಕಿಸಿದರೆ, ಅಕ್ಕನಿಗೆ ಎರಡು ಸಾಲು ಬರೆಯಲು ಪುರಸೊತ್ತಿಲ್ಲವೇ" ಎಂದು ಸಿಟ್ಟಾಗಿರುತ್ತೀ. ಆಗು. ಎರಡನೇ ಸಲ ಅಚ್ಚು ಹಾಕಿಸುವ ಮೊದಲು ಚಲೋ ಇದೆಯೋ ಇಲ್ಲವೋ ಖರೆ ಹೇಳು ಎಂದು ಕೇಳಿದವನು ನೀನೇ. ಇಂಥ ಪುಸ್ತಕವನ್ನು ಓದಿ ಹೇಳಲು ಬರುವುದಿಲ್ಲ, ಆಡಿಯೇ ಹೇಳಬೇಕು. ನನ್ನ ಸಾಲೆಗೆ ಸೂಟಿ ಇರುವುದು ಭಾನುವಾರ ಮಾತ್ರ.

ಆಡುವವರು ಪೋಸ್ಟಮನ್ ಗೌಸಸಾಬ ಮತ್ತು ಪಕ್ಕದ ಮನೆಯ ಬೋರವ್ವ. ನಾನು ಪುಸ್ತಕ ಹಿಡಿದು "ಗುಹೆ ಬಂತು, ಏನ್ ಮಾಡ್ತೀರಿ?" ಎನ್ನುವುದು, ಅವರು ತಮಗೆ ತೋಚಿದ್ದು ಹೇಳಿ ಕವಡೆ ಹಾಕುವುದು, ಮುಂದೆ ಆದದ್ದನ್ನು ನಾನು ಓದುವುದು. ಅಪ್ಪ ಪಡಸಾಲೆಯಲ್ಲಿ ನಮಗೆ ಬೆನ್ನು ಮಾಡಿ ಉಣ್ಣೆ ನೂಲುತ್ತ ಕೂತಿರುತ್ತಾನೆ. ನಿನ್ನ ಹೆಸರು ಎತ್ತುವುದಿಲ್ಲ, ಎದ್ದೂ ಹೋಗುವುದಿಲ್ಲ.

ಹೋದ ವರ್ಷ ನೀನು ಕಳಿಸಿದ ಆ ಇಂಗ್ಲಿಷ್ ಪುಸ್ತಕ ನೆನಪಿದೆಯಲ್ಲ, ಬಣ್ಣದ ರಟ್ಟು, ಕೋಣೆಗೊಬ್ಬ ರಾಕ್ಷಸ? ಬೋರವ್ವ ಕೋಟೆಯ ಕಾವಲುಗಾರನನ್ನು ಕಂಡವಳೇ "ಊಟಾ ಆತೇನಪಾ?" ಎಂದಳು. ಕತ್ತಿ ಎತ್ತಿದರೆ ಏನಾಗುತ್ತದೆ ಎಂದು ಅದರಲ್ಲಿ ಅರ್ಧ ಪುಟ ಇತ್ತು, ಇದಕ್ಕೆ ಒಂದು ಸಾಲೂ ಇರಲಿಲ್ಲ. "ಮಾತಾಡ್ಸಿದ್ರ ಮಾತಾಡದವ್ನ ಜೋಡಿ ಏನ್ ಆಟರೀ ಅಕ್ಕೋರ" ಎಂದು ಗೌಸಸಾಬ ಕವಡೆ ಕೆಳಗಿಟ್ಟ. ಅವತ್ತೇ ಅದು ಅಟ್ಟ ಸೇರಿತು.

ನಿನ್ನದು ಹಾಗಲ್ಲ. ಆಟದಲ್ಲಿ ಬಾದಾಮಿ ಗುಡ್ಡ ಹತ್ತಿ ಬೋರವ್ವ ಅಲ್ಲಿಯ ಕಾವಲುಗಾರನಿಗೂ ಅದೇ ಪ್ರಶ್ನೆ ಕೇಳಿದಳು. ಕಾವಲುಗಾರ "ಇನ್ನೂ ಇಲ್ಲವ್ವಾ, ರೊಟ್ಟಿ ಇದ್ರ ಕೊಡು" ಎನ್ನುತ್ತಾನೆ ಎಂದು ನೀನು ಮೊದಲೇ ಬರೆದಿಟ್ಟಿದ್ದೀ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಓಡಿ ಖರೇನೇ ರೊಟ್ಟಿ ತಂದಳು, ಕಾವಲುಗಾರನ ಪಾಲು ನಾವೇ ತಿಂದೆವು. ನಮ್ಮ ಮಂದಿ ಏನು ಕೇಳುತ್ತಾರೆಂಬುದನ್ನು ನೀನು ಮರೆತಿಲ್ಲ. ನನಗೆ ಹೆಮ್ಮೆಯಾಯಿತು, ಮಲಕೂ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಬರೀ ಅಕ್ಕ, ಆದ್ದರಿಂದ ಒಂದು ತಪ್ಪು ಹೇಳಿಯೇಬಿಡುತ್ತೇನೆ. ಮೂವತ್ತೊಂದನೇ ಪುಟದಲ್ಲಿ ಒಬ್ಬ ಕುರಿ ಕಾಯುವ ಮುದುಕನ ಮನೆ. "ಏನು ಮಾಡಿದರೂ ಈ ಬಾಗಿಲು ತೆರೆಯುವುದಿಲ್ಲ" ಎಂದು ಬರೆದಿದ್ದೀ. ಗೌಸಸಾಬ ತಂತಿ ಬಂದಿದೆ ಎಂದು ಕೂಗಿದ. ಬೋರವ್ವ "ಕುರಿ ಕಳದಾವ, ಹೊರಗ ಬಾ ಮುದುಕಾ" ಎಂದಳು. ಆರಕ್ಕೆ ಆರೂ ಕವಡೆ ಅಂಗಾತ ಬಿದ್ದವು, ಅದಕ್ಕಿಂತ ದೊಡ್ಡ ಗರ ಇಲ್ಲ. ಆದರೂ ಇಲ್ಲ. ರಾಕ್ಷಸನನ್ನು ದಾಟಲಿಕ್ಕೂ ಮೂರು ದಾರಿ ಬರೆದವನು ಇಲ್ಲಿ ಒಂದೂ ಬರೆದಿಲ್ಲವಲ್ಲ. ಇದನ್ನು ತಿದ್ದು. ತಿದ್ದಿದರೆ ನೀನು ಈತನಕ ಕಳಿಸಿದ ನಾಲ್ಕು ಆಟದ ಪುಸ್ತಕಗಳಲ್ಲಿ ಇದೇ ಮೇಲು, ಧೈರ್ಯವಾಗಿ ಅಚ್ಚು ಹಾಕಿಸು.

ಅಮೀನಗಡದ ಕರದಂಟು ಪಾರ್ಸಲ್ ಮಾಡಿದ್ದೇನೆ. ಅದು ಸುಮನಳಿಗೆ, ನೀನೇ ತಿಂದು ಮುಗಿಸಬೇಡ. ಬೀರಪ್ಪ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಅಕ್ಕ
ಲಗಮವ್ವ

ತಾ.ಕ.: ಆ ಪುಟ ಓದಿದ ದಿನ ಅಪ್ಪ ನೂಲುವುದನ್ನು ನಿಲ್ಲಿಸಿದ. ಏಳು ವರ್ಷದ ಹಿಂದೆ, ಕೇಳದೆ ಲಗ್ನವಾದಿ ಎಂದು ನಿನ್ನನ್ನೂ ಸುಮನಳನ್ನೂ ಬಾಗಿಲು ಹಾಕಿಕೊಂಡು ನಡುಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ನಿಲ್ಲಿಸಿದ್ದನಲ್ಲ, ಆ ಮಾತು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಆಟದವರು ಹೋದ ಮೇಲೆ ಅವನೇ ಎತ್ತಿದ. "ಅವ್ಗ ಬರಿ, ತಪ್ಪು ಬರದಾನ ಅಂತ. ನನ್ನ ಕೈ ಅಗಳಿ ಮ್ಯಾಲೇ ಇತ್ತು. ಇನ್ನೊಂದ್ಸಲ ಬಡದಿದ್ರ ತಗೀತಿದ್ದೆ."